‘ಸ್ವಲ್ಪ ತಾಳಿ’ ಅಂದವರಿಗೆ ಜೈಲಿನಿಂದ ಉತ್ತರ: ಕಿಂಗ್ ಪತ್ರದ ಆ ಉದ್ದ ವಾಕ್ಯವನ್ನು ಕನ್ನಡಕ್ಕೆ ತರೋದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ವಾರ ತೆಗೆದುಕೊಂಡಿರುವುದು ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಅದರಲ್ಲಿ ಒಂದು ವಾಕ್ಯ ಬರುತ್ತದೆ. ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 300 ಪದಕ್ಕೂ ಜಾಸ್ತಿ. ನಿನ್ನೆ ನಾನು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವರು ಕೈಬಿಟ್ಟಿದ್ದರು. ಕನ್ನಡದಲ್ಲಿ ಬರೆದು ತೆಗೆದುಕೊಂಡು ಹೋಗೋಣ ಅಂತ ಕೂತೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1963ರ ಏಪ್ರಿಲ್ 12, ಗುಡ್ ಫ್ರೈಡೇ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋರ್ಟಿನ ತಡೆಯಾಜ್ಞೆ ಮೀರಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟದ್ದಕ್ಕೆ ಕಿಂಗ್ ಅವರನ್ನು ಹಿಡಿದು ಒಂಟಿ ಕೋಣೆಗೆ ಹಾಕಿದರು. ಅದೇ ಹೊತ್ತಿಗೆ ಆ ರಾಜ್ಯದ 8 ಜನ ಬಿಳಿಯ ಧರ್ಮಗುರುಗಳ ಹೇಳಿಕೆಯೊಂದು ಪತ್ರಿಕೆಯಲ್ಲಿ ಬಂತು. ಅವರು ವರ್ಣಭೇದವನ್ನು ಹಾಡಿ ಹೊಗಳಿದವರಲ್ಲ. ಕೋರ್ಟಿನಲ್ಲಿ ಕೇಳಿ, ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಿ, ಬೀದಿಗೆ ಇಳಿಯಬೇಡಿ ಅಂದರು. ಈ ಪ್ರತಿಭಟನೆ ವಿವೇಕದ್ದಲ್ಲ, ಇದು ಸಮಯವೂ ಅಲ್ಲ ಅಂದರು. ಕಿಂಗ್ ಹೆಸರು ಎತ್ತಲಿಲ್ಲ. ‘ಹೊರಗಿನವರು’ ಅಂದರು ಅಷ್ಟೇ.

ಕಿಂಗ್ ಪೇಪರಿನ ಅಂಚಿನಲ್ಲೇ ಉತ್ತರ ಬರೆಯಲು ಶುರು ಮಾಡಿದರು. ಆಮೇಲೆ ಜೈಲಿನಲ್ಲಿ ಕೆಲಸಕ್ಕಿದ್ದ ಕಪ್ಪು ಕೈದಿಯೊಬ್ಬರು ಕೊಟ್ಟ ಚೂರು ಕಾಗದಗಳ ಮೇಲೆ. ಕೊನೆಗೆ ವಕೀಲರು ಬಿಟ್ಟುಹೋದ ಪ್ಯಾಡಿನ ಮೇಲೆ. ಪತ್ರದ ಮೇಲಿರುವ ತಾರೀಖು ಏಪ್ರಿಲ್ 16.

ಆ ಉದ್ದ ವಾಕ್ಯದಲ್ಲಿ ಏನಿದೆ ಅಂದರೆ, ‘ನೀವು ಇಂಥದ್ದನ್ನು ಕಂಡಾಗ, ಇಂಥದ್ದು ಆದಾಗ’ ಅಂತ ಒಂದರ ಮೇಲೊಂದು ಬರುತ್ತಲೇ ಹೋಗುತ್ತದೆ. ಗುಂಪು ಕಟ್ಟಿಕೊಂಡು ಬಂದವರು ಅಪ್ಪ ಅಮ್ಮಂದಿರನ್ನು ಕೊಂದದ್ದು. ಪೊಲೀಸರು ಒದ್ದದ್ದು. ಟಿವಿಯಲ್ಲಿ ಮನರಂಜನಾ ಪಾರ್ಕಿನ ಜಾಹೀರಾತು ನೋಡಿದ ಆರು ವರ್ಷದ ಮಗಳು ‘ಫನ್‌ಟೌನ್‌ಗೆ ಯಾಕೆ ಹೋಗಬಾರದು’ ಅಂತ ಕೇಳಿದ್ದು. ದೂರದ ಪ್ರಯಾಣದಲ್ಲಿ ಯಾವ ಲಾಡ್ಜಿನಲ್ಲೂ ಜಾಗ ಕೊಡದೆ ರಾತ್ರಿಯೆಲ್ಲ ಕಾರಿನ ಮೂಲೆಯಲ್ಲಿ ಮುದುಡಿ ಮಲಗಿದ್ದು. ಇಷ್ಟೆಲ್ಲ ಆದ ಮೇಲೆ, ತುದಿಯಲ್ಲಿ, ಚಿಕ್ಕ ಮುಖ್ಯವಾಕ್ಯ: ನಮಗೆ ಕಾಯುವುದು ಯಾಕೆ ಕಷ್ಟ ಅಂತ ಆಗ ನಿಮಗೆ ಅರ್ಥವಾಗುತ್ತದೆ.

‘ಕಾಯಿರಿ’ ಅಂದವರನ್ನೇ ಆ ವಾಕ್ಯ ಕಾಯಿಸುತ್ತದೆ. ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ ಬೇಗ ಬರುತ್ತವೆ. ಇಲ್ಲಿ ಬರುವುದೇ ಇಲ್ಲ. ಓದುವವರಿಗೆ ಉಸಿರು ಕಟ್ಟುತ್ತದೆ. ನನ್ನ ತೊಂದರೆ ಇದು: ಕನ್ನಡದಲ್ಲಿ ಕ್ರಿಯಾಪದ ಹೇಗಿದ್ದರೂ ಕೊನೆಗೇ ಬರುವುದು. ನಮಗೆ ಕಾದು ಅಭ್ಯಾಸವಿದೆ. ಹಾಗಾದರೆ ಆ ಪರಿಣಾಮವೇ ಕನ್ನಡದಲ್ಲಿ ಸಿಗುವುದಿಲ್ಲವಾ?

ಹಳೇ ಮೇಷ್ಟ್ರು

ಮೇಡಂ, ಒಳ್ಳೆಯ ಪ್ರಶ್ನೆ. ಎಷ್ಟೋ ವರ್ಷದ ಮೇಲೆ ಆ ಪತ್ರ ಮತ್ತೆ ತೆಗೆದೆ.

ಮೊದಲು ಒಂದು ಮಾತು. ‘ಯಾವಾಗ ನೀವು ನೋಡುತ್ತೀರೋ, ಆಗ’ ಅನ್ನುವ ದಾರಿಗೆ ಹೋಗಬೇಡಿ. ಅದು ಇಂಗ್ಲಿಷಿನ ಎಲುಬಿಗೆ ಕನ್ನಡದ ಚರ್ಮ ಹೊದಿಸಿದಂತೆ. ‘ಕಂಡಾಗ’ ಅಂತಲೇ ಮಾಡಿ. ಇಂಗ್ಲಿಷಿನಲ್ಲಿ ಪುನರಾವೃತ್ತಿ ಪ್ರತಿ ತುಂಡಿನ ತಲೆಯಲ್ಲಿದೆ. ಕನ್ನಡದಲ್ಲಿ ಬಾಲಕ್ಕೆ ಬರುತ್ತದೆ. ಕಂಡಾಗ, ಕೇಳಿದಾಗ, ಮಲಗಬೇಕಾದಾಗ. ಬರಲಿ ಬಿಡಿ. ಅಂತ್ಯಪ್ರಾಸದ ಪೆಟ್ಟು ಸಿಗುತ್ತದೆ, ತಮಟೆ ಬಿದ್ದ ಹಾಗೆ. ಮೂರನೆಯ ‘ಆಗ’ದ ತನಕ ಓದುಗರು ಆರಾಮಾಗಿರುತ್ತಾರೆ. ಆರನೆಯದಕ್ಕೆ ಬರುವಾಗ ಚಡಪಡಿಕೆ ಶುರುವಾಗುತ್ತದೆ. ನಮಗೆ ಹತ್ತು ಪದ ಕಾದು ಅಭ್ಯಾಸ, ಮುನ್ನೂರು ಪದ ಅಲ್ಲ.

ಎರಡನೆಯದು, ‘ಕಾಯಿರಿ’ ಅನ್ನುವ ಪದವೇ ಸಾಲದು. ಬಸ್ಸಿಗೆ ಕಾಯುತ್ತೇವೆ, ರೇಷನ್ನಿಗೆ ಕಾಯುತ್ತೇವೆ. ಅದರಲ್ಲಿ ಉಪದೇಶ ಇಲ್ಲ. ಆ ಧರ್ಮಗುರುಗಳು ಹೇಳಿದ್ದು ಉಪದೇಶ. ಅದಕ್ಕೆ ನಮ್ಮಲ್ಲಿ ಸರಿಯಾದ ಪದ ‘ತಾಳಿ’. ‘ತಾಳಿದವನು ಬಾಳಿಯಾನು’ ಅಂತ ಮಗುವಿಗೂ ಹೇಳಿಕೊಟ್ಟಿರುತ್ತೇವೆ. ತಾಳುವುದು ಗುಣ, ತಾಳದಿರುವುದು ದೋಷ ಅನ್ನುವ ಭಾರವೆಲ್ಲ ಆ ಒಂದು ಪದದಲ್ಲಿದೆ. ನೊಂದವರ ಮೇಲೆ ಅದೇ ಭಾರ ಹೊರಿಸುತ್ತಿದ್ದರು, ಅಲ್ವಾ?

ಇನ್ನೊಂದು ಲಾಭ ಇದೆ. ‘ತಾಳು’ ಅಂದರೆ ಕಾಯುವುದೂ ಹೌದು, ಸಹಿಸುವುದೂ ಹೌದು. ‘ನಮಗೆ ಯಾಕೆ ತಾಳಲು ಆಗುತ್ತಿಲ್ಲ’ ಅಂದರೆ ಎರಡೂ ಒಟ್ಟಿಗೆ ಕೇಳುತ್ತದೆ. ಆ ವಾಕ್ಯದ ಬೆನ್ನಿಗೇ ಕಿಂಗ್ ಏನು ಬರೆದಿದ್ದಾರೆ ನೋಡಿ, ಸಹನೆಯ ಬಟ್ಟಲು ತುಂಬಿ ಚೆಲ್ಲುವ ಒಂದು ಗಳಿಗೆ ಬರುತ್ತದೆ ಅಂತ. ‘ತಾಳ್ಮೆಯ ಬಟ್ಟಲು’ ಅಂತ ಮಾಡಿದರೆ ಎರಡು ವಾಕ್ಯವೂ ಕೈಹಿಡಿದು ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಪದ. ಕನ್ನಡ ಇಲ್ಲಿ ಮೂಲಕ್ಕಿಂತ ಸ್ವಲ್ಪ ಹೆಚ್ಚೇ ಕೊಡುತ್ತದೆ.

ತುಂಗಾತೀರ

ಮೇಷ್ಟ್ರೇ, ‘ತಾಳಿ’ ಓದಿದ ಕೂಡಲೇ ಬರೆದದ್ದನ್ನೆಲ್ಲ ಹರಿದು ಮತ್ತೆ ಶುರು ಮಾಡಿದೆ. ಮೂರು ದಿನದಿಂದ ಹುಡುಕುತ್ತಿದ್ದದ್ದು ಅದೇ.

ನಿಮ್ಮ ಮಾತಿನಿಂದ ಇನ್ನೊಂದು ಗಮನಕ್ಕೆ ಬಂತು. ಕನ್ನಡದಲ್ಲಿ ‘ನೀವು’ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ನಾನು ಸಲೀಸಾಗಲಿ ಅಂತ ಎಲ್ಲ ಕಡೆ ಬಿಟ್ಟಿದ್ದೆ. ಅದು ದೊಡ್ಡ ತಪ್ಪು. ಕಿಂಗ್ ‘ನನ್ನ ಮಗಳು’ ಅಂತ ಬರೆಯಲಿಲ್ಲ. ‘ನಿಮ್ಮ ಆರು ವರ್ಷದ ಮಗಳು’ ಅಂದರು. ಓದುತ್ತಿರುವುದು ಬಿಳಿಯ ಬಿಷಪ್. ಅವರ ನಾಲಿಗೆಯೇ ತೊದಲುತ್ತದೆ. ಅವರ ಮಗಳ ಕಣ್ಣಲ್ಲೇ ನೀರು ತುಂಬುತ್ತದೆ. ‘ನನ್ನ ಕಷ್ಟ ಕೇಳಿ’ ಅನ್ನುವುದಕ್ಕೂ ‘ಇದು ನಿಮ್ಮ ಕಷ್ಟ’ ಅನ್ನುವುದಕ್ಕೂ ಎಷ್ಟು ದೂರ ಇದೆ! ‘ನಿಮ್ಮ’ ಎಲ್ಲವನ್ನೂ ವಾಪಸ್ ಹಾಕಿದ್ದೇನೆ.

ಕರಿಕೋಟು

ಹುಬ್ಬಳ್ಳಿಯಿಂದ, ವೃತ್ತಿಯಲ್ಲಿ ವಕೀಲ. ನಿಮ್ಮ ವಾಕ್ಯದ ಚರ್ಚೆ ಚೆನ್ನಾಗಿದೆ. ಆದರೆ ಆ ಪತ್ರದ ಬಲ ಕಣ್ಣೀರಿನಲ್ಲಿ ಮಾತ್ರ ಇದೆ ಅಂತ ವಿದ್ಯಾರ್ಥಿಗಳಿಗೆ ಅನ್ನಿಸಬಾರದು. ಮಗಳ ಮಾತು ಮುಗಿದ ಕೂಡಲೇ ಅವರು ವಾದಕ್ಕೆ ಇಳಿಯುತ್ತಾರೆ. ಅದನ್ನು ನೋಡಿದರೆ ಕೋರ್ಟಿನಲ್ಲಿ ನಿಂತವರಿಗೆ ಮೈ ಜುಂ ಅನ್ನುತ್ತದೆ.

ತಮ್ಮ ವಾದದ ಬಿರುಕು ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಶಾಲೆಗಳಲ್ಲಿ ಬಣ್ಣದ ಬೇಲಿ ಕೂಡದು ಅನ್ನುವ 1954ರ ಸುಪ್ರೀಂ ಕೋರ್ಟ್ ತೀರ್ಪನ್ನು ಪಾಲಿಸಿ ಅಂತ ಇವರೇ ಊರಿಗೆಲ್ಲ ಹೇಳುತ್ತಾರೆ. ಇಲ್ಲಿ ನೋಡಿದರೆ ಇವರೇ ಕೋರ್ಟಿನ ಆಜ್ಞೆ ಮುರಿದು ಜೈಲಿನಲ್ಲಿದ್ದಾರೆ. ಎದುರಾಳಿ ಇದನ್ನು ಎತ್ತುವ ಮೊದಲೇ ಕಿಂಗ್ ತಾವೇ ಎತ್ತುತ್ತಾರೆ. ಕೆಲವು ಕಾನೂನು ಪಾಲಿಸಿ, ಕೆಲವು ಮುರಿಯಿರಿ ಅಂತ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು, ಅಂತ. ನಮ್ಮಲ್ಲಿ ಪೂರ್ವಪಕ್ಷ ಅಂತಾರಲ್ಲ, ಥೇಟ್ ಅದೇ. ಎದುರಾಳಿಯ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು.

ಉತ್ತರಕ್ಕೆ ಯಾರನ್ನು ಸಾಕ್ಷಿಗೆ ಕರೆಯುತ್ತಾರೆ ಅನ್ನುವುದು ಇನ್ನೂ ಮುಖ್ಯ. ಆ 8 ಜನರಲ್ಲಿ ಪ್ರಾಟೆಸ್ಟೆಂಟರು ಇದ್ದರು, ಕ್ಯಾಥೊಲಿಕ್ ಬಿಷಪ್ ಇದ್ದರು, ಒಬ್ಬ ಯಹೂದಿ ರಬ್ಬಿ ಇದ್ದರು. ಕಿಂಗ್ ಕರೆದದ್ದು ಸಂತ ಅಗಸ್ಟೀನ್ ಮತ್ತು ಥಾಮಸ್ ಅಕ್ವಿನಾಸ್ ಅವರನ್ನು, ಯಹೂದಿ ಚಿಂತಕ ಮಾರ್ಟಿನ್ ಬ್ಯೂಬರ್ ಅವರನ್ನು, ಪ್ರಾಟೆಸ್ಟೆಂಟ್ ಚಿಂತಕ ಪಾಲ್ ಟಿಲಿಕ್ ಅವರನ್ನು. ಓದು ತೋರಿಸಿಕೊಳ್ಳಲು ಅಲ್ಲ. ಎಂಟೂ ಜನರ ಮನೆಯ ಹಿರಿಯರನ್ನೇ ಪಂಚಾಯ್ತಿಗೆ ಕೂರಿಸಿದ್ದು. ನಿಮ್ಮ ಹಿರಿಯರೇ ಹೀಗೆ ಹೇಳಿದ್ದಾರೆ, ಈಗ ನೀವು ಏನಂತೀರಿ?

ಆಮೇಲೆ ಕಾನೂನಿನ ಪರೀಕ್ಷೆ ಇಡುತ್ತಾರೆ. ಹೆಚ್ಚಿನವರು ಕಡಿಮೆಯವರ ಮೇಲೆ ಹೇರಿ, ತಾವು ಮಾತ್ರ ಪಾಲಿಸದ ಕಾನೂನು ನ್ಯಾಯದ್ದಲ್ಲ. ವೋಟು ಹಾಕಲು ಬಿಡದೆ ಅವರ ಮೇಲೆ ಮಾಡಿದ ಕಾನೂನು ನ್ಯಾಯದ್ದಲ್ಲ. ಮೆರವಣಿಗೆಗೆ ಪರವಾನಗಿ ಬೇಕು ಅನ್ನುವ ಕಾನೂನು ನೋಡಲು ಸರಿಯೇ ಇದೆ, ಬಳಸುವ ರೀತಿಯಲ್ಲಿ ಅನ್ಯಾಯವಾಗುತ್ತದೆ. ಈ ಕೊನೆಯದು ಅವರದೇ ಕೇಸು. ಮುರಿಯುವವರು ಬಹಿರಂಗವಾಗಿ, ದ್ವೇಷವಿಲ್ಲದೆ, ಶಿಕ್ಷೆಗೆ ಸಿದ್ಧರಾಗಿ ಮುರಿಯಬೇಕು ಅನ್ನುವ ಷರತ್ತನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ.

ಕೋರ್ಟು ಒಪ್ಪಲಿಲ್ಲ. ಅದನ್ನೂ ಹೇಳಬೇಕು. 1967ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ, ತಡೆಯಾಜ್ಞೆ ಮೀರಿದ್ದಕ್ಕೆ ಕೊಟ್ಟ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ವರ್ಷ ಕಿಂಗ್ ಮತ್ತೆ ಜೈಲಿಗೆ ಹೋಗಿ ಬಂದರು. ಬರೆದ ಷರತ್ತಿಗೆ ತಕ್ಕಂತೆ.

ಜಾರ್ಜಿಯಾ ಕನ್ನಡಿಗ

ಅಟ್ಲಾಂಟಾದಲ್ಲಿ ಇದ್ದೇನೆ. ಬರ್ಮಿಂಗ್‌ಹ್ಯಾಮ್ ಇಲ್ಲಿಂದ ಕಾರಿನಲ್ಲಿ ಎರಡು ಚಿಲ್ಲರೆ ಗಂಟೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಅಲ್ಲಿ ಕೆಲ್ಲಿ ಇಂಗ್ರಾಮ್ ಪಾರ್ಕ್ ಅಂತ ಇದೆ. ನಡೆಯುವ ದಾರಿಯ ಎರಡೂ ಕಡೆ ಗೋಡೆ. ಗೋಡೆಯಿಂದ ಲೋಹದ ನಾಯಿಗಳು ಹಲ್ಲು ಕಿರಿದು ಮೈಮೇಲೆ ಹಾರುವಂತೆ ಚಾಚಿಕೊಂಡಿವೆ. ನಡುವೆ ಹಾದುಹೋಗಬೇಕು. ನನ್ನ ಎಂಟು ವರ್ಷದ ಮಗಳು ಬರುವುದಿಲ್ಲ ಅಂತ ನಿಂತುಬಿಟ್ಟಳು. ಅವಳಿಗಿಂತ ಸ್ವಲ್ಪ ದೊಡ್ಡ ಮಕ್ಕಳು 1963ರ ಮೇ 2 ಮತ್ತು 3ರಂದು ಅಲ್ಲಿ ನಡೆದು ಹೋದವರು. ಅವರ ಮೇಲೆ ಬಿಟ್ಟದ್ದು ನಿಜವಾದ ನಾಯಿ, ಬೆಂಕಿ ಆರಿಸುವ ಪೈಪಿನ ನೀರು.

ಅದಕ್ಕೇ ನನ್ನದೊಂದು ತಕರಾರು. ಪತ್ರವನ್ನು ಇಷ್ಟು ಕೊಂಡಾಡುವಾಗ ಆ ಮಕ್ಕಳನ್ನು ಮರೆಯುತ್ತೇವೆ. ಊರಿನ ವ್ಯಾಪಾರಿಗಳು ಮಾತುಕತೆಗೆ ಬಂದು ಒಪ್ಪಂದ ಹೊರಬಿದ್ದದ್ದು ಮೇ 10ಕ್ಕೆ. ಆಗ ಈ ಪತ್ರವನ್ನು ಓದಿದವರು ಎಷ್ಟು ಜನ? ಅದು ಪುಸ್ತಿಕೆಯಾಗಿ ಬಂದದ್ದೇ ಮೇ ತಿಂಗಳಲ್ಲಿ. ಜೂನ್, ಆಗಸ್ಟ್‌ನಲ್ಲಿ ಮಾಸಿಕ, ವಾರಪತ್ರಿಕೆಗಳಲ್ಲಿ ಅಚ್ಚಾಯಿತು. ಬೀಗ ತೆಗೆದದ್ದು ಮಕ್ಕಳ ಮೈಗೆ ಬಿದ್ದ ನೀರು, ವಾಕ್ಯಗಳಲ್ಲ. ಸೆಪ್ಟೆಂಬರ್ 15ಕ್ಕೆ ಆ ಪಾರ್ಕಿನ ಎದುರಿನ ಚರ್ಚಿನಲ್ಲೇ ಬಾಂಬು ಸಿಡಿದು ನಾಲ್ಕು ಹೆಣ್ಣುಮಕ್ಕಳು ಸತ್ತರು. ಎಷ್ಟು ಚೆನ್ನಾಗಿ ಬರೆದರೂ ಅದು ತಪ್ಪಲಿಲ್ಲ.

ತುಂಗಾತೀರ

ನಿಮ್ಮ ಮಗಳು ನಿಂತ ಜಾಗ ನನ್ನ ಕಣ್ಣೆದುರು ಬಂತು. ನಿಮ್ಮ ಮಾತು ಒಪ್ಪುತ್ತೇನೆ. ಪತ್ರವೇ ಊರನ್ನು ಬದಲಾಯಿಸಿತು ಅಂತ ಕ್ಲಾಸಿನಲ್ಲಿ ಹೇಳುವುದಿಲ್ಲ.

ಆದರೆ ಪತ್ರದಲ್ಲೇ ನಿಮ್ಮ ಮಾತಿದೆ. ನಮ್ಮ ನೇರ ಹೋರಾಟ ಒತ್ತಡ ಹುಟ್ಟಿಸಲೆಂದೇ ಇದೆ, ಒತ್ತಡ ಹುಟ್ಟಿದರೆ ಮಾತುಕತೆಯ ಬಾಗಿಲು ತೆರೆಯುತ್ತದೆ ಅಂತ ಅವರು ಬಿಚ್ಚಿ ಬರೆಯುತ್ತಾರೆ. ನಾಲ್ಕು ಹಂತ ಹೇಳುತ್ತಾರೆ: ಅನ್ಯಾಯ ಇದೆಯೇ ಅಂತ ವಿಷಯ ಕಲೆಹಾಕುವುದು, ಮಾತುಕತೆ, ತಮ್ಮನ್ನು ತಾವು ಶುದ್ಧ ಮಾಡಿಕೊಳ್ಳುವುದು, ಆಮೇಲೆ ಬೀದಿಗೆ ಇಳಿಯುವುದು. ಮಕ್ಕಳು ಬೀದಿಗೆ ಬಂದಾಗ ‘ಇದೇನು ಗಲಾಟೆ’ ಅನ್ನುವ ಒಳ್ಳೆಯ ಜನ ಇರುತ್ತಾರಲ್ಲ, ಅವರ ಬಾಯಿಗೆ ಈ ಪತ್ರ ಉತ್ತರ. ವಿಳಾಸ ಎಂಟು ಜನರದು, ಕಾಗದ ದೇಶಕ್ಕೆಲ್ಲ.

ಕಟ್ಟಾ ಜನಾಂಗದ್ವೇಷಿಗಳಿಗಿಂತ ಈ ಸಮಾಧಾನದ ಮಂದಿಯೇ ದೊಡ್ಡ ಅಡ್ಡಿ ಅಂತ ಹೆಚ್ಚುಕಡಿಮೆ ಅನ್ನಿಸಿಬಿಟ್ಟಿದೆ ಅಂತ ಅವರು ಬರೆಯುವ ಜಾಗ ಇದೆ. ನ್ಯಾಯಕ್ಕಿಂತ ಶಿಸ್ತು ಮುಖ್ಯ ಅನ್ನುವವರು. ಗುರಿ ಒಪ್ಪುತ್ತೇವೆ, ದಾರಿ ಒಪ್ಪುವುದಿಲ್ಲ ಅನ್ನುವವರು. ಅಷ್ಟು ಕಟುವಾದ ಮಾತನ್ನು ‘ನನ್ನ ಕ್ರೈಸ್ತ, ಯಹೂದಿ ಸೋದರರೇ’ ಅಂತ ಕರೆದೇ ಹೇಳುತ್ತಾರೆ.

ಕರಿಕೋಟು

ಇದಕ್ಕೆ ಒಂದು ಸೇರಿಸುತ್ತೇನೆ. ಚರ್ಚಿನ ಮೇಲಿನ ನಿರಾಸೆ ಹೇಳುವ ಮೊದಲು ಅವರು ಒಂದು ಗಳಿಗೆ ನಿಲ್ಲುತ್ತಾರೆ. ಎಂಟು ಜನರಲ್ಲಿ ಒಬ್ಬರಾದ ರೆವರೆಂಡ್ ಸ್ಟಾಲಿಂಗ್ಸ್ ಅವರನ್ನು ಹೆಸರು ಹಿಡಿದು ಮೆಚ್ಚುತ್ತಾರೆ. ಕಳೆದ ಭಾನುವಾರ ನಿಮ್ಮ ಪ್ರಾರ್ಥನೆಗೆ ಕಪ್ಪು ಜನರನ್ನು ಬೇರೆ ಕೂರಿಸದೆ ಸೇರಿಸಿಕೊಂಡಿರಿ, ಒಳ್ಳೆಯದು ಮಾಡಿದಿರಿ, ಅಂತ. ಜೈಲಿನಲ್ಲಿ ಕೂತವರು ತಮ್ಮನ್ನು ಟೀಕಿಸಿದವರ ಒಳ್ಳೆಯ ಕೆಲಸವನ್ನು ಲೆಕ್ಕ ಇಟ್ಟಿದ್ದಾರೆ. ಆಮೇಲೆ ಬೈದರೆ ಅದು ನಾಟುತ್ತದೆ. ಯಾಕಂದರೆ ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಅಂತ ಆಗಲೇ ಗೊತ್ತಾಗಿರುತ್ತದೆ.

ಹಳೇ ಮೇಷ್ಟ್ರು

‘ಅತಿರೇಕಿ’ ಅನ್ನುವ ಪದ ತಿರುಗಿಸುವ ಜಾಗವನ್ನೂ ಮಕ್ಕಳಿಗೆ ತೋರಿಸಿ. ಧರ್ಮಗುರುಗಳ ಆ ಬೈಗುಳದಿಂದ ಮೊದಲು ಬೇಜಾರಾಯಿತು ಅಂತಾರೆ ಕಿಂಗ್. ಯೋಚಿಸುತ್ತ ಹೋದ ಹಾಗೆ ಸಮಾಧಾನ ಆಯಿತು ಅಂತಾರೆ. ಏಸು ಪ್ರೀತಿಯ ಅತಿರೇಕಿ ಅಲ್ಲವೇ? ಪ್ರವಾದಿ ಆಮೋಸ್ ನ್ಯಾಯದ ಅತಿರೇಕಿ ಅಲ್ಲವೇ? ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್, ಲಿಂಕನ್, ಜೆಫರ್ಸನ್ ಅಂತ ಸಾಲು ಬರುತ್ತದೆ. ಕೊನೆಗೆ ಪ್ರಶ್ನೆಯೇ ಬೇರೆಯಾಗಿಬಿಡುತ್ತದೆ. ಅತಿರೇಕಿ ಹೌದೋ ಅಲ್ಲವೋ ಅನ್ನುವುದಲ್ಲ, ಎಂಥ ಅತಿರೇಕಿ ಅನ್ನುವುದು. ಬೈಗುಳವನ್ನೇ ಬಿರುದು ಮಾಡಿಕೊಂಡರು.

ಬಿಸಿಲುನಾಡು

ಅಕ್ಕಾ, ನಾನು ಇಲ್ಲಿ ಬರೆಯುವುದು ಕಡಿಮೆ. ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ.

ಆ ಉದ್ದ ವಾಕ್ಯದ ಕೊನೆಗೆ ಹೆಸರಿನ ಮಾತು ಬರುತ್ತದೆ. ನಿಮ್ಮ ಮೊದಲ ಹೆಸರು ಒಂದು ಹೊಲಸು ಬೈಗುಳ ಆದಾಗ, ನಡುವಿನ ಹೆಸರು ‘ಹುಡುಗ’ ಆದಾಗ, ಎಷ್ಟೇ ವಯಸ್ಸಾಗಿದ್ದರೂ, ಕೊನೆಯ ಹೆಸರು ‘ಜಾನ್’ ಆದಾಗ. ನಿಮ್ಮ ಹೆಂಡತಿಗೆ, ತಾಯಿಗೆ ಮರ್ಯಾದೆಯ ‘ಮಿಸೆಸ್’ ಯಾವತ್ತೂ ಸಿಗದಿದ್ದಾಗ.

ನಮ್ಮ ಅಜ್ಜ ಎಪ್ಪತ್ತು ದಾಟಿದ್ದರು. ಅವರು ದುಡಿಯುತ್ತಿದ್ದ ಮನೆಯ ಹತ್ತು ವರ್ಷದ ಹುಡುಗ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಅಜ್ಜನ ಹೆಸರಿನ ಕೊನೆಯ ‘ಅಪ್ಪ’ ತೆಗೆದು ‘ಯಾ’ ಅಂಟಿಸಿ. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ‘ಬಂದ್ನಿ ಧಣ್ಯಾರ’ ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಆ ಹುಡುಗ ಮತ್ತು ನಾನು ಒಂದೇ ವಯಸ್ಸು. ಕಾಲೇಜಿನಲ್ಲಿ ಈ ಸಾಲು ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ.

1936ರಲ್ಲಿ, ಜಾತಿ ಮುರಿಯಬೇಕು ಅನ್ನುತ್ತಿದ್ದ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬ್ ಅಂಬೇಡ್ಕರರನ್ನು ಭಾಷಣಕ್ಕೆ ಕರೆದದ್ದು ನಿಮಗೆ ಗೊತ್ತಿರುತ್ತದೆ. ಅವರೂ ಸುಧಾರಕರೇ, ಒಳ್ಳೆಯವರೇ. ಬರೆದದ್ದನ್ನು ಮೊದಲೇ ಓದಿ, ಸ್ವಲ್ಪ ಬಿಡಿ, ಸ್ವಲ್ಪ ತಗ್ಗಿಸಿ ಅಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂದರು. ಸಭೆಯೇ ರದ್ದಾಯಿತು. ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಎರಡನ್ನೂ ಓದಿದರೆ ಒಂದೇ ಥರದ ಜನರ ಎದುರು ಇಬ್ಬರು ನಿಂತಂತೆ ಕಾಣುತ್ತದೆ. ಬಾಬಾಸಾಹೇಬರದು ಲಾಯರ್ ಪಾಟೀಸವಾಲು. ಕಿಂಗ್ ಅವರದು ಚರ್ಚಿನ ಪ್ರವಚನ. ನನಗೆ ಎರಡೂ ಬೇಕು.

ತುಂಗಾತೀರ

ತಮ್ಮಾ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಕೇಳಲೇ? ಆ ಜಾಗದಲ್ಲಿ ಕನ್ನಡದ ಓದುಗರಿಗೆ ತಟ್ಟಲಿ ಅಂತ ನಾನೂ ‘ಏಕವಚನದಲ್ಲಿ ಕರೆದಾಗ’ ಅಂತ ಬರೆಯೋಣ ಅಂದುಕೊಂಡಿದ್ದೆ. ನಿಮಗೆ ಏನನ್ನಿಸುತ್ತದೆ?

ಬಿಸಿಲುನಾಡು

ಬೇಡ ಅಕ್ಕಾ. ಅವರ ನೋವು ಅವರ ಊರಿನಲ್ಲೇ ಇರಲಿ. ‘ಹುಡುಗ’, ‘ಜಾನ್’, ‘ಮಿಸೆಸ್’ ಹಾಗೇ ಇಡಿ. ಓದಿದವರಿಗೆ ತಮ್ಮ ಊರಿನ ಕಟ್ಟೆ ತಾನಾಗಿಯೇ ನೆನಪಾಗುತ್ತದೆ. ನನಗೆ ಆದದ್ದು ಹಾಗೇ. ಯಾರೂ ಕನ್ನಡ ಮಾಡಿ ಕೊಟ್ಟಿರಲಿಲ್ಲ.

ಕರಿಕೋಟು

ಹೆಸರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅದೇ 1963ರಲ್ಲಿ, ಅದೇ ಅಲಬಾಮಾದ ಗ್ಯಾಡ್ಸ್‌ಡೆನ್ ಊರಿನ ಕೋರ್ಟಿನಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನುವ ಹೋರಾಟಗಾರ್ತಿ ಸಾಕ್ಷಿಕಟ್ಟೆ ಹತ್ತಿದ್ದರು. ಸರ್ಕಾರಿ ವಕೀಲರು ‘ಮೇರಿ’ ಅಂತ ಕರೆದು ಪ್ರಶ್ನೆ ಕೇಳಿದರು. ಬಿಳಿಯ ಸಾಕ್ಷಿಗಳಿಗೆ ‘ಮಿಸ್’, ‘ಮಿಸ್ಟರ್’. ಕಪ್ಪು ಜನರಿಗೆ ಬರೀ ಹೆಸರು. ‘ಮಿಸ್ ಹ್ಯಾಮಿಲ್ಟನ್’ ಅನ್ನುವ ತನಕ ಉತ್ತರ ಕೊಡುವುದಿಲ್ಲ ಅಂದರು ಆಕೆ. ನ್ಯಾಯಾಲಯ ನಿಂದನೆ ಅಂತ 50 ಡಾಲರ್ ದಂಡ, 5 ದಿನ ಜೈಲು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಿಂಗ್ ವಾಕ್ಯದ ಆ ‘ಮಿಸೆಸ್’ ಅಲಂಕಾರ ಅಲ್ಲ ಅಂತ ನಿಮ್ಮ ಮಕ್ಕಳಿಗೆ ಇದರಿಂದ ಗೊತ್ತಾಗುತ್ತದೆ.

ಜಾರ್ಜಿಯಾ ಕನ್ನಡಿಗ

ನನ್ನ ತಕರಾರು ಸ್ವಲ್ಪ ಸಡಿಲ ಆಯಿತು, ಒಪ್ಪುತ್ತೇನೆ. ಮತ್ತೆ ಓದಿದೆ. ಈ ಸಲ ನನ್ನನ್ನು ಹಿಡಿದದ್ದು ಕೊನೆ. ಇಷ್ಟು ಉದ್ದ ಬರೆದದ್ದಕ್ಕೆ ಕ್ಷಮೆ ಕೇಳುತ್ತಾರೆ. ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬನೇ ಕೂತವನು ಉದ್ದ ಕಾಗದ ಬರೆಯುವುದು, ಉದ್ದ ಯೋಚನೆ ಮಾಡುವುದು, ಉದ್ದ ಪ್ರಾರ್ಥನೆ ಮಾಡುವುದು ಬಿಟ್ಟು ಇನ್ನೇನು ಮಾಡಲಿ ಅಂತ. ಆಮೇಲೆ ಎರಡು ಕ್ಷಮೆ. ಸತ್ಯಕ್ಕಿಂತ ಹೆಚ್ಚು ಹೇಳಿದ್ದರೆ ನೀವು ಕ್ಷಮಿಸಿ. ಕಡಿಮೆ ಹೇಳಿದ್ದರೆ ದೇವರು ಕ್ಷಮಿಸಲಿ. ಎರಡನೆಯದು ದೊಡ್ಡ ತಪ್ಪು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಯಾರ ಹತ್ತಿರ ಕೇಳುತ್ತಾರೆ ಅನ್ನುವುದರಲ್ಲೇ ಗೊತ್ತಾಗುತ್ತದೆ.

ತುಂಗಾತೀರ

ಹೌದು, ಆ ಜಾಗ ನನಗೂ ಪ್ರಾಣ.

ಈಗ ಒಂದೇ ಒಂದು ಪದ ಉಳಿದಿದೆ. ಉದ್ದ ವಾಕ್ಯದ ಕೊನೆಯ ತುಂಡಿನಲ್ಲಿ ‘ನೋಬಡಿನೆಸ್’ ಅಂತ ಬರುತ್ತದೆ. ತಾನು ಯಾರೂ ಅಲ್ಲ ಅನ್ನುವ ಭಾವನೆ, ಅದರ ಜೊತೆ ದಿನವೂ ಒಳಗೊಳಗೇ ಗುದ್ದಾಡುವುದು. ‘ಶೂನ್ಯತೆ’ ಅಂತ ಹಾಕಿದರೆ ವೇದಾಂತ ಆಗುತ್ತದೆ. ‘ಅನಾಮಿಕತೆ’ ತೀರಾ ತೆಳು. ಯಾರಿಗಾದರೂ ಏನಾದರೂ ಹೊಳೆಯುತ್ತದಾ?

ಹಳೇ ಮೇಷ್ಟ್ರು

‘ಏನೂ ಅಲ್ಲದವರು’? ನನಗೇ ಪೂರ್ತಿ ಸಮಾಧಾನ ಇಲ್ಲ.

ಬಿಸಿಲುನಾಡು

ನಮ್ಮ ಅವ್ವ ಒಂದು ಮಾತು ಆಡುತ್ತಾಳೆ ಅಕ್ಕಾ. ಮದುವೆ ಊಟದಲ್ಲಿ ನಮ್ಮನ್ನು ಕೊನೆಯ ಪಂಕ್ತಿಗೂ ಕರೆಯದೆ ಬಿಟ್ಟಾಗ ಆಡಿದ್ದು. ‘ನಾವು ಲೆಕ್ಕಕ್ಕೇ ಇಲ್ಲ.’

ತುಂಗಾತೀರ

ಸಿಕ್ಕಿತು. ಇದಕ್ಕಿಂತ ಸರಿಯಾದದ್ದು ಇರಲಾರದು. ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ಕೊನೆಯ ತುಂಡು ಹೀಗೆ ಮಾಡಿದ್ದೇನೆ: ‘...ನಾವು ಯಾರ ಲೆಕ್ಕಕ್ಕೂ ಇಲ್ಲ ಎಂಬ ಭಾವನೆಯ ಜೊತೆ ನೀವು ಎಂದೆಂದಿಗೂ ಒಳಗೊಳಗೇ ಹೋರಾಡುತ್ತಿರಬೇಕಾದಾಗ, ನಮಗೆ ಯಾಕೆ ತಾಳಲು ಆಗುತ್ತಿಲ್ಲ ಎಂಬುದು ಆಗ ನಿಮಗೆ ತಿಳಿದೀತು.’

ನಾಳೆ ಮೊದಲ ಪೀರಿಯಡ್ಡೇ ನನ್ನದು. ಈ ಸಲ ನಾನು ಓದುವುದಿಲ್ಲ. ಹಿಂದಿನ ಬೆಂಚಿನಿಂದ ಒಬ್ಬರನ್ನು ಎಬ್ಬಿಸಿ ಪೂರ್ತಿ ವಾಕ್ಯ ಗಟ್ಟಿಯಾಗಿ ಓದಿಸುತ್ತೇನೆ. ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ನೋಡಬೇಕು. ಸಂಜೆ ಬಂದು ಹೇಳುತ್ತೇನೆ.